ಬರೆದುಕೊಟ್ಟರೆ ಮಾತ್ರ ಹಕ್ಕು: ಔಷಧದ ಪೇಟೆಂಟೂ ನಮ್ಮ ನೆರವು ನಿಧಿಯೂ

(ಮುಂಬಯಿಯಲ್ಲಿ ನಡೆದ ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣದ ಪಠ್ಯ. ಸಭೆಗೆ ಬರಲಾಗದ ಸದಸ್ಯರ ಮತ್ತು ಪರಊರಿನ ದಾನಿಗಳ ಕೋರಿಕೆಯಂತೆ ಇಲ್ಲಿ ಪ್ರಕಟಿಸುತ್ತಿದ್ದೇವೆ.)



ಕಾರ್ಯದರ್ಶಿಗಳು ಫೋನ್ ಮಾಡಿ, ಈ ಸಲದ ಸಭೆಯಲ್ಲಿ ನೀವೂ ನಾಲ್ಕು ಮಾತಾಡಬೇಕು ಎಂದರು. ನಾನು ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದವನು. ಕೊನೆಯ ಹತ್ತು ಹನ್ನೆರಡು ವರ್ಷ ಪೇಟೆಂಟ್ ಕಾಗದಗಳನ್ನು ಓದುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ, "ಪೇಟೆಂಟ್ ಅರ್ಜಿ ಹಾಕುವವನು ಏನೇನು ಬಹಿರಂಗಪಡಿಸಬೇಕು ಅನ್ನೋದರ ಬಗ್ಗೆ ಮಾತಾಡ್ತೇನೆ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಅಲ್ಲ ಸಾರ್, ನಮ್ಮದು ವೈದ್ಯಕೀಯ ನೆರವಿನ ಸಭೆ, ಊಟಕ್ಕೆ ಮುಂಚೆ ಬೇರೆ..." ಎಂದರು. ವೈದ್ಯಕೀಯ ನೆರವಿನ ಸಭೆ ಆದ್ದರಿಂದಲೇ ಈ ವಿಷಯ ಎಂದೆ. ಯಾಕೆಂದು ಹೇಳುತ್ತೇನೆ. ಊಟಕ್ಕೆ ತಡಮಾಡುವುದಿಲ್ಲ.

ಇಲ್ಲಿ ಕುಳಿತಿರುವವರಲ್ಲಿ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಎಷ್ಟು ಜನ ಎಂದು ಕೇಳಿದರೆ ಅರ್ಧ ಸಭೆ ಕೈ ಎತ್ತೀತು. ಅವರಲ್ಲಿ ಕೆಲವರಿಗೆ ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ಗೊತ್ತಿರುತ್ತದೆ. 2025ರ ಮಾರ್ಚ್ ಮೊದಲ ವಾರದಲ್ಲಿ ಇದರ ಒಂದು ಮಾತ್ರೆಗೆ ಸುಮಾರು 60 ರೂಪಾಯಿ ಇತ್ತು. ಮಾರ್ಚ್ 11ಕ್ಕೆ ಅದರ ಪೇಟೆಂಟ್ ಮುಗಿಯಿತು. ಅದಾದ ಕೂಡಲೇ ನಮ್ಮ ದೇಶದ ಹತ್ತಾರು ಕಂಪನಿಗಳು ಅದೇ ಔಷಧವನ್ನು ಮಾರುಕಟ್ಟೆಗೆ ತಂದವು. ಬೆಲೆ ಹತ್ತು ರೂಪಾಯಿಯ ಆಸುಪಾಸಿಗೆ, ಕೆಲವು ಕಡೆ ಅದಕ್ಕಿಂತಲೂ ಕೆಳಗೆ ಇಳಿಯಿತು.

ಪೇಟೆಂಟ್ ಮುಗಿಯಿತು, ಬೆಲೆ ಇಳಿಯಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಪೇಟೆಂಟ್ ಮುಗಿದ ಮಾತ್ರಕ್ಕೆ ಮಾತ್ರೆ ಮಾಡಲು ಬರುತ್ತದೆಯೇ? ಈ ಔಷಧವನ್ನು ಕಂಡುಹಿಡಿಯದ ಕಂಪನಿಗಳಿಗೆ ಅದನ್ನು ಮಾಡುವ ಬಗೆ ಮೊದಲೇ ಹೇಗೆ ತಿಳಿದಿತ್ತು? ಉತ್ತರದ ದೊಡ್ಡ ಭಾಗ ಇಷ್ಟು: ಕಂಡುಹಿಡಿದವರೇ ಅದನ್ನು ಬರೆದುಕೊಟ್ಟಿದ್ದರು. ಪ್ರೀತಿಯಿಂದ ಕೊಟ್ಟದ್ದಲ್ಲ, ಕಾನೂನು ಬರೆಸಿಕೊಂಡಿತ್ತು. ಇವತ್ತಿನ ನನ್ನ ಮಾತೆಲ್ಲ ಈ ಬರೆಸಿಕೊಳ್ಳುವುದರ ಬಗ್ಗೆಯೇ.

ಮುಂಬಯಿಯವರಿಗೆ ಉಡುಪಿ ಹೋಟೆಲಿನ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ. ಹಳೆಯ ಕಾಲದ ಅಡಿಗೆ ಭಟ್ಟರು ಸಾಂಬಾರಿನ ಪುಡಿ ಕಲಸುವಾಗ ಅಡಿಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಸಹಾಯಕನಿಗೂ ಅಳತೆ ಗೊತ್ತಿಲ್ಲ. ಅದು ಗುಟ್ಟು. ಗುಟ್ಟನ್ನು ನೂರು ವರ್ಷ ಬೇಕಾದರೂ ಇಟ್ಟುಕೊಳ್ಳಬಹುದು, ಯಾರೂ ಕೇಳುವುದಿಲ್ಲ. ಆದರೆ ಎದುರಿನ ಹೋಟೆಲಿನವನು ರುಚಿ ನೋಡಿ ತಾನೇ ಅದನ್ನು ಕಂಡುಕೊಂಡರೆ ಅವನನ್ನು ತಡೆಯಲೂ ಬರುವುದಿಲ್ಲ. ಭಟ್ಟರು ಹೋದ ದಿನ ಆ ರುಚಿಯೂ ಅವರ ಜೊತೆ ಹೋಗುತ್ತದೆ.

ಪೇಟೆಂಟ್ ಇದಕ್ಕೆ ತಿರುಗುಮುರುಗು. "ನಾನು ಹೊಸದೊಂದನ್ನು ಕಂಡುಹಿಡಿದಿದ್ದೇನೆ, ಬೇರೆ ಯಾರೂ ಇದನ್ನು ಮಾಡದಂತೆ ತಡೆಯಿರಿ" ಎಂದು ಕೇಳುವವನಿಗೆ ಸರ್ಕಾರ ಹೇಳುವುದು, "ಆಗಲಿ, ಅರ್ಜಿ ಹಾಕಿದ ದಿನದಿಂದ 20 ವರ್ಷ ತಡೆಯುತ್ತೇವೆ, ಆದರೆ ಬಾಗಿಲು ತೆಗೆದು ಎಲ್ಲವನ್ನೂ ಬರೆದುಕೊಡು" ಎಂದು. ಆ 20 ವರ್ಷ ಜನ ಹೆಚ್ಚು ಬೆಲೆ ಕೊಡುತ್ತಾರೆ. ಅದಕ್ಕೆ ಬದಲಾಗಿ ಜನರಿಗೆ ಸಿಗುವುದು ಆ ಬರಹ. ಬರಹದಲ್ಲಿ ಕಳ್ಳತನವಾದರೆ ನಾವು ದುಡ್ಡು ಕೊಟ್ಟೂ ಸಾಮಾನು ಸಿಗದ ಗಿರಾಕಿಗಳಾಗುತ್ತೇವೆ.

ನಮ್ಮ 1970ರ ಪೇಟೆಂಟ್ ಕಾಯ್ದೆಯ 10ನೇ ಸೆಕ್ಷನ್ನಿನಲ್ಲಿ ಈ ಬರಹ ಹೇಗಿರಬೇಕೆಂದು ಹೇಳಿದೆ. ಆವಿಷ್ಕಾರವನ್ನೂ, ಅದನ್ನು ಬಳಸುವ ಬಗೆಯನ್ನೂ, ಮಾಡುವ ವಿಧಾನವನ್ನೂ ಪೂರ್ತಿಯಾಗಿ, ಬಿಡಿಬಿಡಿಯಾಗಿ ವಿವರಿಸಬೇಕು. ಅರ್ಜಿದಾರನಿಗೆ ತಿಳಿದಿರುವ ಅತ್ಯುತ್ತಮ ವಿಧಾನವನ್ನೇ ಹೇಳಬೇಕು. ಒಳ್ಳೆಯದನ್ನು ತನ್ನಲ್ಲಿಟ್ಟುಕೊಂಡು ಎರಡನೆಯ ದರ್ಜೆಯದನ್ನು ಬರೆದುಕೊಡುವಂತಿಲ್ಲ. ಕೊನೆಯಲ್ಲಿ, ತಾನು ಯಾವುದರ ಮೇಲೆ ಹಕ್ಕು ಕೇಳುತ್ತಿದ್ದೇನೆ ಎಂಬುದನ್ನು ಸ್ಪಷ್ಟ ವಾಕ್ಯಗಳಲ್ಲಿ ಹೇಳಬೇಕು. ಇದಕ್ಕೆ ಕ್ಲೇಮು ಎನ್ನುತ್ತಾರೆ. ಊರಲ್ಲಿ ಜಮೀನಿನ ಕ್ರಯಪತ್ರ ನೋಡಿದವರಿಗೆ ಚಕ್ಕುಬಂದಿ ಗೊತ್ತು: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಕಾಲುವೆ. ಕ್ಲೇಮು ಎಂದರೆ ಪೇಟೆಂಟಿನ ಚಕ್ಕುಬಂದಿ. ಕಾನೂನಿನ ಮುಖ್ಯ ಷರತ್ತು ಏನೆಂದರೆ, ಬರಹದಲ್ಲಿ ನೀನು ಎಷ್ಟನ್ನು ಕಲಿಸಿದ್ದೀಯೋ ಚಕ್ಕುಬಂದಿ ಅದಕ್ಕೆ ತಕ್ಕಷ್ಟೇ ಇರಬೇಕು. ಒಂದು ಎಕರೆ ಉತ್ತು ಹತ್ತು ಎಕರೆಗೆ ಬೇಲಿ ಹಾಕುವ ಹಾಗಿಲ್ಲ.

ಯಾರಿಗೆ ತಿಳಿಯುವಂತೆ ಬರೆಯಬೇಕು? ನನಗೂ ನಿಮಗೂ ಅಲ್ಲ, ಆ ಕಸುಬಿನಲ್ಲಿ ಸಾಧಾರಣ ಪಳಗಿದವನಿಗೆ. ಔಷಧವಾದರೆ ಒಬ್ಬ ರಸಾಯನಶಾಸ್ತ್ರಜ್ಞ ಅದನ್ನು ಓದಿ, ಹೊಸ ಸಂಶೋಧನೆ ಮಾಡದೆ, ಅದರಂತೆ ತಯಾರಿಸಲು ಬರಬೇಕು. ಈ ನ್ಯಾಯ ಹೊಸದಲ್ಲ. 1778ರಲ್ಲಿ ಇಂಗ್ಲೆಂಡಿನಲ್ಲಿ ಗೋಡೆಗೆ ಬಳಿಯುವ ಗಾರೆಯ ಪೇಟೆಂಟ್ ಕುರಿತು ಲಿಯಾರ್ಡೆಟ್ ಮತ್ತು ಜಾನ್ಸನ್ ಎಂಬವರ ನಡುವೆ ವ್ಯಾಜ್ಯ ನಡೆಯಿತು. ಅವಧಿ ಮುಗಿದ ಮೇಲೆ ಬೇರೆಯವರು ಓದಿ ಮಾಡಲು ಬರುವಂತೆ ಬರೆದಿರಬೇಕು, ಬರಹ ಇರುವುದೇ ಅದಕ್ಕೆ ಎಂಬ ಮಾತನ್ನು ಲಾರ್ಡ್ ಮ್ಯಾನ್ಸ್‌ಫೀಲ್ಡ್ ಆ ಪ್ರಕರಣದಲ್ಲಿ ಗಟ್ಟಿಮಾಡಿದರು.

ಈ ಬರಹವನ್ನು ಕಪಾಟಿನಲ್ಲಿ ಬೀಗ ಹಾಕಿ ಇಡುವುದಿಲ್ಲ. ಸಾಮಾನ್ಯವಾಗಿ ಅರ್ಜಿಯ 18 ತಿಂಗಳು ಮುಗಿದ ಮೇಲೆ ಪ್ರಕಟಿಸುತ್ತಾರೆ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ನೀವೂ ಓದಬಹುದು, ದುಡ್ಡು ಕೊಡಬೇಕಾಗಿಲ್ಲ. ಮುಂಬಯಿಯ ಕಚೇರಿ ಆಂಟಾಪ್ ಹಿಲ್‌ನಲ್ಲಿದೆ. ಬೆಂಗಳೂರಿನವರ, ಒಟ್ಟು ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ಇಷ್ಟೆಲ್ಲ ಕಾನೂನಿದ್ದರೂ ಮುಚ್ಚಿಡುವ ಆಸೆ ಹೋಗುವುದಿಲ್ಲ. ನನ್ನ ವೃತ್ತಿಯಲ್ಲಿ ಎಲ್ಲರೂ ಓದಿದ ಒಂದು ಪ್ರಕರಣವಿದೆ. ಔಷಧದ ಹೆಸರು ಹೇಳಿದರೆ ಹಿಂದಿನ ಸಾಲಿನ ಗೆಳೆಯರು ನಗುತ್ತಾರೆ, ನಗಲಿ. ವಯಾಗ್ರ. ಕೆನಡಾದಲ್ಲಿ ಫೈಜರ್ ಕಂಪನಿ ಅದಕ್ಕೆ ಪೇಟೆಂಟ್ ಪಡೆದಿತ್ತು. ಬರಹದ ಮೊದಲ ಕ್ಲೇಮಿನಲ್ಲಿ ಲೆಕ್ಕಕ್ಕೆ ಸಿಗದಷ್ಟು ರಾಸಾಯನಿಕಗಳು. ಮುಂದೆ ಬರುತ್ತಾ ಬರುತ್ತಾ ಕಡಿಮೆಯಾಗಿ, ಕೊನೆಯ ಎರಡು ಕ್ಲೇಮುಗಳಲ್ಲಿ ಒಂದೊಂದೇ ರಾಸಾಯನಿಕ. ಈ ಎರಡರಲ್ಲಿ ಒಂದು ಮಾತ್ರ ಸಿಲ್ಡೆನಾಫಿಲ್, ಅಂದರೆ ನಿಜವಾಗಿ ಕೆಲಸ ಮಾಡುತ್ತದೆಂದು ಕಂಪನಿಗೆ ಪರೀಕ್ಷೆಯಿಂದ ಗೊತ್ತಿದ್ದದ್ದು. ಆದರೆ ಯಾವುದು ಆ ಒಂದು ಎಂಬುದನ್ನು ಬರಹದಲ್ಲಿ ಎಲ್ಲೂ ಹೇಳಿರಲಿಲ್ಲ. ಓದಿದವನು ಎರಡನ್ನೂ ಪರೀಕ್ಷೆ ಮಾಡಿಯೇ ತಿಳಿದುಕೊಳ್ಳಬೇಕು.

2012ರ ನವೆಂಬರಿನಲ್ಲಿ ಕೆನಡಾದ ಸುಪ್ರೀಂ ಕೋರ್ಟಿನ ಏಳೂ ನ್ಯಾಯಾಧೀಶರು ಒಂದೇ ದನಿಯಲ್ಲಿ ಇದನ್ನು ಒಪ್ಪಲಿಲ್ಲ. ಪೇಟೆಂಟ್ ಎಂಬುದು ಜನರೊಂದಿಗೆ ಮಾಡಿಕೊಂಡ ಒಪ್ಪಂದ, ಗೊತ್ತಿದ್ದೂ ಹೇಳದೆ ಇಟ್ಟುಕೊಂಡವನಿಗೆ ಆ ಒಪ್ಪಂದದ ಲಾಭ ಸಿಗದು ಎಂಬುದು ತೀರ್ಪಿನ ಸಾರ. ನಗೆಯ ಮಾತು ಬಿಟ್ಟುಬಿಡಿ. ಅದೇ ಸಿಲ್ಡೆನಾಫಿಲನ್ನು ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಾದವರಿಗೂ ಕೊಡುತ್ತಾರೆ. ಅವರಿಗೆ ಅದು ಉಸಿರಾಟದ ಪ್ರಶ್ನೆ.

ಈಗ ನಮ್ಮ ದೇಶಕ್ಕೆ ಬರೋಣ. ನಿಮ್ಮಲ್ಲಿ ಹಲವರು ಗ್ಲೀವೆಕ್ ಪ್ರಕರಣದ ಬಗ್ಗೆ ಪತ್ರಿಕೆಯಲ್ಲಿ ಓದಿರುತ್ತೀರಿ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ಗೆ ಇಮ್ಯಾಟಿನಿಬ್ ಎಂಬ ಮಾತ್ರೆ ಬಂದಾಗ ಸಾವಿನ ಕಾಯಿಲೆ ಮಾತ್ರೆ ನುಂಗುತ್ತಾ ಬಾಳಬಹುದಾದ ಕಾಯಿಲೆಯಾಯಿತು. ಆದರೆ ನೊವಾರ್ಟಿಸ್ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ. ನಮ್ಮ ದೇಶದ ಕಂಪನಿಗಳು ಮಾಡಿದ್ದಕ್ಕೆ 8,000ದಿಂದ 10,000 ರೂಪಾಯಿ. ನೊವಾರ್ಟಿಸ್ ಹಲವು ರೋಗಿಗಳಿಗೆ ಉಚಿತವಾಗಿ ಕೊಡುತ್ತಿತ್ತು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೂ ಕೊಡುವವರು ಕೈ ಹಿಡಿದರೆ ಏನು ಗತಿ ಎಂಬ ಭಯ ರೋಗಿಗೆ ಇದ್ದೇ ಇರುತ್ತದೆ.

ಮೂಲ ಅಣುವಿಗೆ 1993ರಲ್ಲಿ ಹೊರದೇಶದಲ್ಲಿ ಅರ್ಜಿ ಹಾಕಲಾಗಿತ್ತು. ಅದನ್ನು ಕಂಡುಹಿಡಿದವರ ಹೆಸರಿನಿಂದ ಝಿಮ್ಮರ್‌ಮನ್ ಪೇಟೆಂಟ್ ಎನ್ನುತ್ತಾರೆ. ಆಗ ನಮ್ಮಲ್ಲಿ ಔಷಧಕ್ಕೆ ಪೇಟೆಂಟ್ ಇರಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು. ಔಷಧಕ್ಕೇ ಪೇಟೆಂಟ್ ಕೊಡಲು ಶುರುವಾದದ್ದು 2005ರಿಂದ. ಅದಕ್ಕೆ ಮುಂಚೆಯೇ, 1998ರಲ್ಲಿ, ಕಂಪನಿ ಚೆನ್ನೈ ಕಚೇರಿಯಲ್ಲಿ ಇಮ್ಯಾಟಿನಿಬ್ ಮೆಸಿಲೇಟ್ ಎಂಬ ಲವಣದ ಬೀಟಾ ಹರಳು ರೂಪಕ್ಕೆ ಅರ್ಜಿ ಹಾಕಿಟ್ಟಿತ್ತು. 2005ರ ನಂತರ ಅದನ್ನು ಪರೀಕ್ಷೆಗೆ ತೆಗೆದುಕೊಂಡಾಗ ವಿರೋಧಿಸಿದವರು ಐವರು. ನಾಲ್ಕು ಔಷಧ ಕಂಪನಿಗಳು, ಐದನೆಯದು ನಮ್ಮ ಮುಂಬಯಿಯ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್. ನಮ್ಮ ನಿಧಿಯಂತೆ ರೋಗಿಗಳಿಗೆ ನೆರವಾಗಲು ಹುಟ್ಟಿದ ಸಂಸ್ಥೆ ಅದು.

ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2013ರ ಏಪ್ರಿಲ್ 1ರಂದು ತೀರ್ಪು ಬಂತು, ಪೇಟೆಂಟ್ ಸಿಗಲಿಲ್ಲ. ಪತ್ರಿಕೆಗಳೆಲ್ಲ ಬರೆದದ್ದು 3(ಡಿ) ಸೆಕ್ಷನ್ನಿನ ಬಗ್ಗೆ. ಹಳೆಯ ವಸ್ತುವಿನ ಹೊಸ ರೂಪಕ್ಕೆ ಹೆಚ್ಚಿನ ಪರಿಣಾಮವಿಲ್ಲದೆ ಹಕ್ಕಿಲ್ಲ ಎಂಬ ನಿಯಮ ಅದು. ಆದರೆ ಅದೇ ತೀರ್ಪಿನ ಇನ್ನೊಂದು ಭಾಗ ಬಹಿರಂಗಪಡಿಸುವುದರ ಬಗ್ಗೆ ಇದೆ, ಹೆಚ್ಚು ಜನ ಅದನ್ನು ಗಮನಿಸಲಿಲ್ಲ. ಕಂಪನಿಯ ವಾದ ಹೀಗಿತ್ತು: "ನಮ್ಮ ಹಳೆಯ ಪೇಟೆಂಟಿನ ಚಕ್ಕುಬಂದಿಯೊಳಗೆ ಈ ಮೆಸಿಲೇಟ್ ಬರುತ್ತದೆ ನಿಜ. ಆದರೆ ಅದರ ಬರಹ ಇದನ್ನು ಕಲಿಸಿರಲಿಲ್ಲ. ಆದ್ದರಿಂದ ಇದು ಹೊಸದೇ."

ಕೋರ್ಟು ಕಂಪನಿಯದೇ ಹಳೆಯ ಕಾಗದಗಳನ್ನು ತೆಗೆದು ನೋಡಿತು. ಅಮೆರಿಕದ ಔಷಧ ಇಲಾಖೆಗೆ ಕೊಟ್ಟ ಅರ್ಜಿಯಲ್ಲಿ ಗ್ಲೀವೆಕ್‌ಗೆ ಸಂಬಂಧಿಸಿದ ಪೇಟೆಂಟ್ ಎಂದು ಇದೇ ಝಿಮ್ಮರ್‌ಮನ್ ಪೇಟೆಂಟನ್ನು ತೋರಿಸಿದ್ದರು. ಅದರ ಅವಧಿ ಹೆಚ್ಚಿಸಿಕೊಡಿ ಎಂದು ಇದೇ ಔಷಧದ ಆಧಾರದ ಮೇಲೆ ಕೇಳಿದ್ದರು. ಹೈದರಾಬಾದಿನ ನ್ಯಾಟ್ಕೋ ಕಂಪನಿ ಬ್ರಿಟನ್ನಿನಲ್ಲಿ ಅದನ್ನು ಮಾರಿದಾಗ ಇದೇ ಪೇಟೆಂಟ್ ಹಿಡಿದು ನೋಟಿಸು ಕೊಟ್ಟಿದ್ದರು. ಬೇಲಿ ಹಾಕುವಾಗ ಅಷ್ಟು ಅಗಲ, ಕಲಿಸಿದ್ದು ಎಷ್ಟು ಎಂದು ಕೇಳಿದಾಗ ಇಷ್ಟೇ ಇಷ್ಟು ಎಂದರೆ ಹೇಗೆ? ಹಕ್ಕಿನ ವ್ಯಾಪ್ತಿಗೂ ಬಹಿರಂಗಪಡಿಸಿದ್ದಕ್ಕೂ ಅಷ್ಟು ದೊಡ್ಡ ಅಂತರ ಇರಲಾಗದು, ಹಾಗೆ ಒಪ್ಪಿದರೆ ಪೇಟೆಂಟ್ ಕಾನೂನಿನ ಬುಡವೇ ಅಲ್ಲಾಡುತ್ತದೆ ಎಂಬುದು ಕೋರ್ಟಿನ ನಿಲುವಾಯಿತು.

ಇದೇ ಪ್ರಶ್ನೆ ಮತ್ತೆ ದಿಲ್ಲಿ ಹೈಕೋರ್ಟಿನಲ್ಲಿ ಬಂತು. ಅದೂ ಸಕ್ಕರೆ ಕಾಯಿಲೆಯ ಮಾತ್ರೆಯದೇ, ಡಾಪಾಗ್ಲಿಫ್ಲೋಜಿನ್. ಆಸ್ಟ್ರಾಜೆನೆಕಾ ಕಂಪನಿಗೆ ಆ ಒಂದೇ ಔಷಧದ ಮೇಲೆ ಎರಡು ಪೇಟೆಂಟ್, ಒಂದು ಗುಂಪಿಗೆ, ಇನ್ನೊಂದು ಆ ಗುಂಪಿನೊಳಗಿನ ಒಂದಕ್ಕೆ. ಮೊದಲನೆಯದು 2020ರಲ್ಲಿ ಮುಗಿದ ಮೇಲೆ ಎರಡನೆಯದನ್ನು ತೋರಿಸಿ ಬೇರೆಯವರನ್ನು ತಡೆಯಲು ಕೇಳಿತು. ಒಂದೇ ಔಷಧ ಎರಡೂ ಪೇಟೆಂಟುಗಳನ್ನು ಉಲ್ಲಂಘಿಸುತ್ತದೆ ಎಂದು ನೀವೇ ಹೇಳುವುದಾದರೆ, ಮೊದಲನೆಯದೇ ಅದನ್ನು ಬಹಿರಂಗಪಡಿಸಿತ್ತು ಎಂದಾಗುವುದಿಲ್ಲವೇ ಎಂಬುದು ನ್ಯಾಯಪೀಠದ ಪ್ರಶ್ನೆ. 2021ರ ಜುಲೈಯಲ್ಲಿ ವಿಭಾಗೀಯ ಪೀಠವೂ ತಡೆಯಾಜ್ಞೆ ಕೊಡಲಿಲ್ಲ. ನಿಮ್ಮ ಕೈಗೆ ಆ ಮಾತ್ರೆ ಕಡಿಮೆ ಬೆಲೆಗೆ ಮೊದಲೇ ಸಿಕ್ಕಿತು.

ಬರಹದ ಹೊರಗೂ ಕೆಲವು ಸಂಗತಿಗಳನ್ನು ಹೇಳಲೇಬೇಕು. ಅವನ್ನು ಚುಟುಕಾಗಿ ಹೇಳುತ್ತೇನೆ.

ಒಂದು, 8ನೇ ಸೆಕ್ಷನ್. ಇದೇ ಆವಿಷ್ಕಾರಕ್ಕೆ ಬೇರೆ ಯಾವ ಯಾವ ದೇಶದಲ್ಲಿ ಅರ್ಜಿ ಹಾಕಿದ್ದೀಯ ಎಂದು ತಿಳಿಸಬೇಕು. ಬೇರೆ ಕಡೆ ತಿರಸ್ಕಾರವಾದದ್ದನ್ನು ಇಲ್ಲಿ ಮುಚ್ಚಿಟ್ಟು ಪಾಸಾಗಬಾರದೆಂದು ಈ ನಿಯಮ. 1959ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಸಮಿತಿಯ ಸಲಹೆಗಳ ಮೇಲೆ ಕಟ್ಟಿದ ಕಾಯ್ದೆ ನಮ್ಮದು.

ಎರಡು, ಗಿಡಮೂಲಿಕೆಯೋ ಸೂಕ್ಷ್ಮಜೀವಿಯೋ ಬಳಸಿದ್ದರೆ ಅದು ಎಲ್ಲಿಂದ ಬಂತು, ಯಾವ ಪ್ರದೇಶದ್ದು ಎಂದು ಬರೆಯಬೇಕು. ಬರೆದು ವಿವರಿಸಲಾಗದ ಹೊಸ ಸೂಕ್ಷ್ಮಜೀವಿಯಾದರೆ ಮಾನ್ಯತೆ ಪಡೆದ ಸಂಗ್ರಹಾಲಯದಲ್ಲಿ ಒಪ್ಪಿಸಬೇಕು. ಅಂಥ ಸಂಗ್ರಹಾಲಯಗಳು ನಮ್ಮಲ್ಲಿ ಚಂಡೀಗಢದಲ್ಲಿವೆ, ಪುಣೆಯಲ್ಲಿವೆ. ಅರಿಶಿನದಿಂದ ಗಾಯ ಮಾಯುತ್ತದೆ ಎಂಬುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟುಬಿಟ್ಟಿದ್ದರು. ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥಗಳ ಆಧಾರ ತೋರಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ನಮ್ಮ ಅಜ್ಜಿಯಂದಿರನ್ನು ಕೇಳಿದ್ದರೆ ಎರಡು ವರ್ಷ ಉಳಿಯುತ್ತಿತ್ತು. 2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವನ್ನೇ ಅಂಗೀಕರಿಸಿದರು: ಆವಿಷ್ಕಾರ ಯಾವ ದೇಶದ ಜೀವಸಂಪತ್ತಿನ ಮೇಲೆ, ಯಾವ ಜನರ ಪಾರಂಪರಿಕ ಜ್ಞಾನದ ಮೇಲೆ ನಿಂತಿದೆ ಎಂದು ಅರ್ಜಿಯಲ್ಲಿ ಹೇಳಬೇಕೆಂದು.

ಮೂರು, ಪೇಟೆಂಟ್ ಸಿಕ್ಕ ಮೇಲೂ ಲೆಕ್ಕ ಒಪ್ಪಿಸಬೇಕು. ಆವಿಷ್ಕಾರವನ್ನು ಈ ದೇಶದಲ್ಲಿ ಬಳಕೆಗೆ ತಂದಿದ್ದೀಯಾ ಎಂದು ಫಾರಂ 27ರಲ್ಲಿ ತಿಳಿಸಬೇಕು. ಮೊದಲು ವರ್ಷಕ್ಕೊಮ್ಮೆ ಇತ್ತು, 2024ರ ತಿದ್ದುಪಡಿಯ ನಂತರ ಮೂರು ವರ್ಷಕ್ಕೊಮ್ಮೆ ಆಗಿದೆ. ಇಂಥ ಲೆಕ್ಕದ ಬೆಲೆ ಏನೆಂದು ತೋರಿಸಿದ್ದು ಮುಂಬಯಿಯಲ್ಲಿ ಬಂದ ಒಂದು ಆದೇಶ. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರಿನ ಸೊರಾಫೆನಿಬ್ ಮಾತ್ರೆಗೆ ತಿಂಗಳಿಗೆ 2,80,428 ರೂಪಾಯಿ ಬೆಲೆಯಿತ್ತು. ಬೇಯರ್ ಕಂಪನಿ ಒಪ್ಪಿಸಿದ್ದ ಅಂಕಿಗಳನ್ನೇ ಹಿಡಿದು ನೋಡಿದಾಗ, ಬೇಕಾದ ರೋಗಿಗಳಲ್ಲಿ ನೂರಕ್ಕೆ ಎರಡರಷ್ಟು ಜನರಿಗೂ ಅದು ಸರಿಯಾಗಿ ಮುಟ್ಟುತ್ತಿರಲಿಲ್ಲ. 2012ರ ಮಾರ್ಚ್ 9ರಂದು ನ್ಯಾಟ್ಕೋ ಕಂಪನಿಗೆ ಕಡ್ಡಾಯ ಪರವಾನಗಿ ಸಿಕ್ಕಿತು. ಬೆಲೆ 8,880 ರೂಪಾಯಿಗೆ ಇಳಿಯಿತು. ಕಂಡುಹಿಡಿದ ಕಂಪನಿಗೆ ರಾಯಧನವೂ ಸಿಗುವಂತೆ ಮಾಡಿದರು.

ನಾನು ಪೇಟೆಂಟಿನ ವಿರೋಧಿ ಎಂದು ತಿಳಿಯಬೇಡಿ. ಅದರಿಂದಲೇ ನನ್ನ ಮನೆ ನಡೆಯಿತು. ಹೊಸ ಔಷಧ ಹುಡುಕುವುದು ವರ್ಷಗಟ್ಟಲೆ ಸೋಲುವ ಕೆಲಸ, ನಾನೇ ಸೋತಿದ್ದೇನೆ. ಗೆದ್ದವನಿಗೆ ಫಲ ಸಿಗಲೇಬೇಕು. ಇನ್ನೊಂದು ಮಾತು, ಪ್ರಯೋಗಾಲಯದಲ್ಲಿ ನಾನು ಕಲಿತ ರಸಾಯನದ ಎಷ್ಟೋ ಪಾಠಗಳು ಪರರ ಪೇಟೆಂಟ್ ಬರಹಗಳಿಂದ ಬಂದವು. ಪ್ರಾಮಾಣಿಕವಾಗಿ ಬರೆದ ಒಂದು ಪೇಟೆಂಟ್ ಓದಿದರೆ ಗೊತ್ತಾಗುತ್ತದೆ, ಬರೆದವನು ಮೇಷ್ಟ್ರ ಹಾಗೆ ಹಂತಹಂತವಾಗಿ ಹೇಳಿಕೊಟ್ಟಿರುತ್ತಾನೆ. ಅಂಥವನಿಗೆ 20 ವರ್ಷ ಕೊಡಲು ನನಗೆ ಬೇಸರವಿಲ್ಲ. ಹೇಳಿಕೊಡದೆ ಹಕ್ಕು ಕೇಳುವವನ ಬಗ್ಗೆ ಮಾತ್ರ ನನ್ನ ತಕರಾರು.

ಆ ತಕರಾರನ್ನು ಎತ್ತುವ ಅಧಿಕಾರ ಯಾರಿಗಿದೆ? 25ನೇ ಸೆಕ್ಷನ್ ಪ್ರಕಾರ, ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮೊದಲು, ಯಾರು ಬೇಕಾದರೂ ಲಿಖಿತವಾಗಿ ವಿರೋಧಿಸಬಹುದು. ವಿವರಣೆ ಸಾಲದು ಎಂಬುದೂ, ಬೇರೆ ದೇಶದ ಅರ್ಜಿಗಳನ್ನು ತಿಳಿಸಿಲ್ಲ ಎಂಬುದೂ, ಜೈವಿಕ ವಸ್ತುವಿನ ಮೂಲ ಹೇಳಿಲ್ಲ ಎಂಬುದೂ ಕಾನೂನು ಒಪ್ಪುವ ಕಾರಣಗಳು. 2024ರ ತಿದ್ದುಪಡಿಯಿಂದ ಇದಕ್ಕೆ ಶುಲ್ಕ ಬಂದಿದೆ, ವಿರೋಧ ವಿಚಾರಣೆಗೆ ಯೋಗ್ಯವೇ ಎಂದು ಅಧಿಕಾರಿ ಮೊದಲು ನೋಡುತ್ತಾರೆ. ಬಾಗಿಲು ಸ್ವಲ್ಪ ಕಿರಿದಾಗಿದೆ, ಮುಚ್ಚಿಲ್ಲ.

ಆ ಬಾಗಿಲಲ್ಲಿ ಹೋದವರಲ್ಲಿ ಇಬ್ಬರನ್ನು ನೆನೆಯುತ್ತೇನೆ. ನಮ್ಮ ಮುಂಬಯಿಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ. ಇಬ್ಬರೂ ಕ್ಷಯರೋಗದಿಂದ ಬದುಕಿ ಬಂದವರು, ಚಿಕಿತ್ಸೆಯ ಔಷಧದಿಂದ ಕಿವಿ ಕಳೆದುಕೊಂಡವರು. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಬೆಡಾಕ್ವಿಲಿನ್ ಎಂಬ ಮಾತ್ರೆಯಿದೆ. ಜಾನ್ಸನ್ ಆಂಡ್ ಜಾನ್ಸನ್ ಅದರ ಲವಣ ರೂಪಕ್ಕೆ ಇನ್ನೊಂದು ಪೇಟೆಂಟ್ ಕೇಳಿದಾಗ ಇವರಿಬ್ಬರೂ ವಿರೋಧಿಸಿದರು. 2023ರ ಮಾರ್ಚ್ 23ರಂದು ಮುಂಬಯಿ ಕಚೇರಿ ಅರ್ಜಿಯನ್ನು ತಿರಸ್ಕರಿಸಿತು. ಅದೇ ಜುಲೈಯಲ್ಲಿ ಮೂಲ ಪೇಟೆಂಟ್ ಮುಗಿದು, ಬೇರೆಯವರೂ ಮಾಡಲು ದಾರಿಯಾಯಿತು. ತಮಗೆ ತಡವಾದರೂ ಮುಂದಿನವರಿಗೆ ತಡವಾಗಬಾರದು ಎಂದು ದುಡಿದವರು ಅವರು.

ಇನ್ನು ನಮ್ಮ ನಿಧಿಯ ಮಾತು. ಕೆಲವು ವರ್ಷಗಳ ಹಿಂದೆ ಸದಸ್ಯರೊಬ್ಬರು ಸೊಸೆಯ ಕ್ಯಾನ್ಸರ್ ಔಷಧದ ಚೀಟಿ ಹಿಡಿದುಕೊಂಡು ಬಂದರು. ಬಿಲ್ಲು ನೋಡಿ ಸಮಿತಿಯವರು ಮುಖ ಮುಖ ನೋಡಿಕೊಂಡರು. ನಿಧಿಯಿಂದ ಒಂದು ತಿಂಗಳಿಗೆ ಕೊಡಬಹುದು, ಮುಂದಿನದು ದೇವರಿಗೆ ಬಿಟ್ಟದ್ದು ಎಂಬ ಸ್ಥಿತಿ. ಆಗ ಖಜಾಂಚಿಯವರು, "ಇದೇ ಔಷಧ ಬೇರೆ ಕಂಪನಿಯದು ಸಿಗೋದಿಲ್ವೆ?" ಎಂದು ನನ್ನನ್ನು ಕೇಳಿದರು. ಮನೆಗೆ ಹೋಗಿ ಹುಡುಕಿದೆ. ಪೇಟೆಂಟ್ ಮುಗಿದು ಒಂದು ವರ್ಷವಾಗಿತ್ತು. ವೈದ್ಯರ ಬಳಿ ಹೋಗಿ ಕೇಳಿದಾಗ ಅವರು ಸಂತೋಷದಿಂದಲೇ ಚೀಟಿ ಬದಲಾಯಿಸಿದರು. ಒಂದು ತಿಂಗಳಿಗೆಂದು ಎತ್ತಿಟ್ಟ ಹಣ ಆರು ತಿಂಗಳಿಗೆ ಬಂತು. ಆ ಹೆಣ್ಣುಮಗಳು ಕಳೆದ ದೀಪಾವಳಿ ಸಂತೋಷಕೂಟದಲ್ಲಿ ನಿಮಗೆಲ್ಲ ಹೋಳಿಗೆ ಬಡಿಸಿದ್ದಾಳೆ. ಯಾರೆಂದು ಹೇಳುವುದಿಲ್ಲ.

ಆ ಆರು ತಿಂಗಳು ಎಲ್ಲಿಂದ ಬಂತು? ಅರ್ಧ ನಿಮ್ಮ ದಾನದಿಂದ. ಇನ್ನರ್ಧ, ಎಲ್ಲೋ ಒಬ್ಬ ವಿಜ್ಞಾನಿ ಇಪ್ಪತ್ತು ವರ್ಷದ ಹಿಂದೆ ಕಾನೂನಿನ ಒತ್ತಾಯಕ್ಕೆ ಸರಿಯಾಗಿ ಬರೆದುಕೊಟ್ಟ ಕೆಲವು ಪುಟಗಳಿಂದ. ಅದಕ್ಕೇ ಈ ವಿಷಯ ನಮ್ಮ ಸಭೆಯದು.

ನಿಮ್ಮಲ್ಲಿ ಮೂರು ವಿನಂತಿ. ಮೊದಲನೆಯದು, ಮನೆಯಲ್ಲಿ ದುಬಾರಿ ಔಷಧ ಶುರುವಾದರೆ ಕೈಯಲ್ಲಿದ್ದದ್ದೆಲ್ಲ ಖರ್ಚಾಗುವವರೆಗೆ ಕಾಯದೆ ಮೊದಲ ವಾರದಲ್ಲೇ ಚೀಟಿಯನ್ನು ಸಮಿತಿಗೆ ತೋರಿಸಿ. ಸಂಕೋಚ ಬೇಡ, ವಿಷಯ ನಾಲ್ಕು ಗೋಡೆಯೊಳಗೇ ಇರುತ್ತದೆ. ವೈದ್ಯರನ್ನು ಕೇಳದೆ ಮಾತ್ರ ಯಾರೂ ಔಷಧ ಬದಲಾಯಿಸಬೇಡಿ, ಬಿಲ್ಲು ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಎರಡನೆಯದು, ನಮ್ಮ ಸದಸ್ಯರಲ್ಲಿ ನಿವೃತ್ತ ಔಷಧ ತಜ್ಞರಿದ್ದಾರೆ, ವಕೀಲರಿದ್ದಾರೆ, ಕಂಪ್ಯೂಟರ್ ಬಲ್ಲ ಮಕ್ಕಳಿದ್ದಾರೆ. ತಿಂಗಳಿಗೆ ಎರಡು ಸಂಜೆ ಕೊಡಿ. ಬಂದ ಚೀಟಿಯ ಔಷಧಕ್ಕೆ ಪೇಟೆಂಟ್ ಇದೆಯೇ, ಮುಗಿದಿದೆಯೇ, ಬೇರೆ ಯಾರು ಮಾಡುತ್ತಾರೆ ಎಂದು ನೋಡಿಕೊಡುವ ಚಿಕ್ಕ ತಂಡ ಕಟ್ಟೋಣ. ನನಗೆ ತಿಳಿದದ್ದನ್ನು ನಾನು ಹೇಳಿಕೊಡುತ್ತೇನೆ, ಅತ್ಯುತ್ತಮ ವಿಧಾನವನ್ನೇ, ಏನೂ ಮುಚ್ಚಿಡದೆ.

ಮೂರನೆಯದು ನಿಮಗೆ ಗೊತ್ತಿರುವುದೇ. ಪೇಟೆಂಟ್ ಇನ್ನೂ ಮುಗಿಯದ ಔಷಧ ಬೇಕಾದವರೂ ನಮ್ಮ ಬಾಗಿಲಿಗೆ ಬರುತ್ತಾರೆ. ಅವರಿಗೆ, ಇನ್ನು ಆರು ವರ್ಷ ಕಾಯಿರಿ, ಅಗ್ಗವಾಗುತ್ತದೆ ಎನ್ನಲಾಗದು. ಅವರ ಕಾಯಿಲೆಗೆ ನಮ್ಮ ಕಾಯ್ದೆಯ ತಾರೀಖು ಗೊತ್ತಿಲ್ಲ. ಅಲ್ಲಿಯವರೆಗಿನ ಅಂತರವನ್ನು ತುಂಬುವುದು ನಿಮ್ಮ ದಾನ ಒಂದೇ. ಕಳೆದ ಸಲ ಕೊಟ್ಟವರು ಮತ್ತೆ ಕೊಡಿ. ಕೊಡಲಾಗದವರು ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ. ಖಜಾಂಚಿಯವರು ಬಾಗಿಲ ಬಳಿ ರಸೀದಿ ಪುಸ್ತಕ ಹಿಡಿದು ಕುಳಿತಿದ್ದಾರೆ. ಊಟದ ದಾರಿಯೂ ಅದೇ.